ಇಬ್ಬರು ನಟರು, ಒಬ್ಬ ನಿರ್ದೇಶಕ

ಒಂದೇ ಮನೆಯಲ್ಲಿ ಹುಟ್ಟಿ ಒಂದೇ ಪಂಕ್ತಿಯಲ್ಲಿ ಉಣ್ಣುವ ಅಣ್ಣತಮ್ಮಂದಿರು ಇಬ್ಬರು ನಟರ ದೆಸೆಯಿಂದ ಎರಡು ಪಕ್ಷಗಳಾಗಿ ಒಡೆದು ವಾದಿಸುತ್ತಿದ್ದ ಕಾಲವೊಂದು ತಮಿಳುನಾಡಿನಲ್ಲಿದ್ದಿತು. 1950ರ ದಶಕದಲ್ಲಿ ಮೊದಲಾದ ಈ ವ್ಯಾಜ್ಯವು ಇಪ್ಪತ್ತೈದು ವರ್ಷಗಳವರೆಗೂ ಆರಲಿಲ್ಲ. ತಮಿಳು ಚಿತ್ರಗಳಿಗೆ ಜನ ಕಿಕ್ಕಿರಿಯುತ್ತಿದ್ದ ಬೆಂಗಳೂರಿನ ದಂಡು ಪ್ರದೇಶಕ್ಕೂ ಅದರ ಬಿಸಿ ತಾಗದೆ ಇರಲಿಲ್ಲ. ಆ ನಟರು ಶಿವಾಜಿ ಗಣೇಶನ್ ಮತ್ತು ಎಂ. ಜಿ. ರಾಮಚಂದ್ರನ್. ಇವರಲ್ಲಿ ಯಾರು ಹೆಚ್ಚು ಎಂದು ಕೇಳಿದರೆ ತಿಳಿದವರೆನಿಸಿಕೊಂಡವರು ಕೊಡುವ ಉತ್ತರ ಒಂದೇ: ಗಣೇಶನ್ನರು ನಟರು, ರಾಮಚಂದ್ರನ್ನರು ಜನಪ್ರಿಯರು. ಜನಪ್ರಿಯರು ಎಂಬ ಮಾತನ್ನು ಅವರು ಉಚ್ಚರಿಸುವ ಬಗೆಯಲ್ಲಿಯೇ ಒಂದು ತಿರಸ್ಕಾರವು ಅಡಗಿರುತ್ತದೆ. ನನಗೂ ಬಹುಕಾಲ ಇದೇ ಅಭಿಪ್ರಾಯವಿದ್ದಿತು. ಅದನ್ನು ಮರಳಿ ತೂಗಿನೋಡುವಂತೆ ಮಾಡಿದವರು ಈ ಇಬ್ಬರನ್ನೂ ತಮ್ಮ ಚಿತ್ರಗಳ ನಾಯಕರನ್ನಾಗಿ ಮಾಡಿಕೊಂಡಿದ್ದ ಕನ್ನಡಿಗ ನಿರ್ದೇಶಕ ಬಿ. ಆರ್. ಪಂತುಲು ಅವರು. ಅವರ ವಿಷಯವು ಮುಂದೆ ಬರುತ್ತದೆ. ಮೊದಲು ನಟರ ಪೂರ್ವಕಥೆಯನ್ನು ನೋಡೋಣ.

ಇಬ್ಬರೂ ಬಡತನದಿಂದ ಬಂದವರು, ಇಬ್ಬರೂ ಬಾಲಕರ ನಾಟಕ ಮಂಡಳಿಗಳಲ್ಲಿ ಬೆಳೆದವರು. ರಾಮಚಂದ್ರನ್ನರು 1917ರಲ್ಲಿ ಸಿಂಹಳದ ಕ್ಯಾಂಡಿಯ ಕಡೆ ಮಲೆಯಾಳಿ ಕುಟುಂಬವೊಂದರಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆ ತೀರಿಕೊಂಡರು. ತಾಯಿ ಸತ್ಯಭಾಮೆಯವರು ಮಕ್ಕಳನ್ನು ಕರೆದುಕೊಂಡು ಕುಂಭಕೋಣಕ್ಕೆ ಬಂದು ನೆಲಸಿದರು. ಹೊಟ್ಟೆಯ ಪಾಡಿಗಾಗಿ ಅಣ್ಣ ಚಕ್ರಪಾಣಿಯೊಡನೆ ಬಾಲಕನು ಮಧುರೆಯ ಬಾಲಕರ ಕಂಪನಿಯನ್ನು ಸೇರಬೇಕಾಯಿತು. ಗಣೇಶನ್ನರು ಹುಟ್ಟಿದ್ದು ಇದಕ್ಕೆ ಹನ್ನೊಂದು ವರ್ಷ ತರುವಾಯ, 1928ರಲ್ಲಿ. ತಂದೆ ಚಿನ್ನಯ್ಯನವರು ಸ್ವಾತಂತ್ರ್ಯದ ಹೋರಾಟದಲ್ಲಿ ಸೆರೆಮನೆಯನ್ನು ಕಂಡವರು. ಈ ಹುಡುಗನು ಕಟ್ಟಬೊಮ್ಮನ ಬೀದಿನಾಟಕವನ್ನು ನೋಡಿ ಮನಸೋತು, ತಾನೂ ನಟನಾಗಬೇಕೆಂದು ಮನೆಯನ್ನು ಬಿಟ್ಟು ಹೊರಟವನು. ಒಬ್ಬನನ್ನು ನಾಟಕಶಾಲೆಗೆ ದೂಡಿದ್ದು ಹಸಿವು, ಇನ್ನೊಬ್ಬನನ್ನು ಸೆಳೆದದ್ದು ನಾಟಕದ ಹುಚ್ಚು. ಈ ಭೇದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಗುಬ್ಬಿ ಕಂಪನಿಯನ್ನು ಬಲ್ಲವರಿಗೆ ಆ ಮಂಡಳಿಗಳ ಜೀವನವನ್ನು ವಿವರಿಸಬೇಕಾದುದಿಲ್ಲ. ಬೆಳಗಾದರೆ ಪಾಠ, ಸಂಗೀತ, ವ್ಯಾಯಾಮ, ರಾತ್ರಿಯಾದರೆ ಬಣ್ಣ. ಒಂದು ದಿನ ಸ್ತ್ರೀವೇಷ, ಮರುದಿನ ರಾಕ್ಷಸವೇಷ. ಗಣೇಶನ್ನರು ಇದೆಲ್ಲವನ್ನೂ ಮೈಗೂಡಿಸಿಕೊಂಡರು. ಸಿ. ಎನ್. ಅಣ್ಣಾದುರೈ ಅವರು ಛತ್ರಪತಿ ಶಿವಾಜಿಯನ್ನು ಕುರಿತು ಬರೆದ ನಾಟಕದಲ್ಲಿ ಅವರು ನಾಯಕನ ಪಾತ್ರವನ್ನು ವಹಿಸಿದಾಗ ಪೆರಿಯಾರ್ ಇ. ವೆ. ರಾಮಸ್ವಾಮಿಯವರು ಮೆಚ್ಚಿ ‘ಶಿವಾಜಿ’ ಎಂದು ಕರೆದರು. ಆ ಹೆಸರೇ ಕೊನೆಯವರೆಗೂ ನಿಂತಿತು. ಆ ಪಾತ್ರವು ಮೊದಲು ರಾಮಚಂದ್ರನ್ನರಿಗೆ ಗೊತ್ತಾಗಿದ್ದು, ಅವರು ಹಿಂದೆ ಸರಿದುದರಿಂದ ಗಣೇಶನ್ನರ ಪಾಲಿಗೆ ಬಂದಿತೆಂಬ ಮಾತೂ ಉಂಟು. ನಿಜವಾಗಿದ್ದರೆ ವಿಧಿಯ ವಿನೋದವೇ ಸರಿ.

ಚಲಚ್ಚಿತ್ರರಂಗದಲ್ಲಿ ಇವರ ಆರಂಭವು ಒಂದೇ ತೆರನಾದುದಲ್ಲ. ಗಣೇಶನ್ನರ ಮೊದಲನೆಯ ಚಿತ್ರ ‘ಪರಾಶಕ್ತಿ’ಯು 1952ರಲ್ಲಿ ಬಂದಿತು. ಎಂ. ಕರುಣಾನಿಧಿಯವರ ಸಂಭಾಷಣೆ, ಕೊನೆಗೆ ನ್ಯಾಯಾಲಯದಲ್ಲಿ ನಾಯಕನ ದೀರ್ಘ ಭಾಷಣ. ಇಪ್ಪತ್ತನಾಲ್ಕು ವರ್ಷದ ಯುವಕನು ಒಂದೇ ಚಿತ್ರದಿಂದ ನಾಡಿನ ನಾಲಗೆಯ ಮೇಲೆ ನಿಂತನು. ರಾಮಚಂದ್ರನ್ನರಾದರೋ 1936ರಲ್ಲಿಯೇ ‘ಸತಿ ಲೀಲಾವತಿ’ಯಲ್ಲಿ ಒಂದು ಚಿಕ್ಕ ಪಾತ್ರದಲ್ಲಿ ಕಾಣಿಸಿಕೊಂಡಿದ್ದರು. ‘ರಾಜಕುಮಾರಿ’ ಎಂಬ ಚಿತ್ರದಲ್ಲಿ ನಾಯಕನ ಪಾತ್ರವು ದೊರೆತದ್ದು 1947ರಲ್ಲಿ. ನಡುವಣ ಹನ್ನೊಂದು ವರ್ಷಗಳು ಅರಮನೆಯ ಭಟನಾಗಿ, ಪೊಲೀಸಿನವನಾಗಿ, ಗುಂಪಿನಲ್ಲೊಬ್ಬನಾಗಿ ಕಳೆದವು. ಈ ಹನ್ನೊಂದು ವರ್ಷಗಳಲ್ಲಿ ಅವರು ಕಲಿತದ್ದೇನು? ಕ್ಯಾಮೆರಾ ಯಾವನನ್ನು ಪ್ರೀತಿಸುತ್ತದೆ, ಪ್ರೇಕ್ಷಕರು ಯಾವಾಗ ಕೈತಟ್ಟುತ್ತಾರೆ, ಎಲ್ಲಿ ಆಕಳಿಸುತ್ತಾರೆ ಎಂಬುದನ್ನು ಒಂದು ಮೂಲೆಯಲ್ಲಿ ನಿಂತು ನೋಡಿ ತಿಳಿದರೆಂದು ನನ್ನ ಊಹೆ. ಅವರ ಮುಂದಿನ ನಡೆಯೆಲ್ಲವೂ ಈ ಊಹೆಯನ್ನು ಬಲಪಡಿಸುತ್ತದೆ.

ಇಬ್ಬರೂ ಸಮಾನ ಪಾತ್ರಗಳಲ್ಲಿ ಒಟ್ಟಿಗೆ ನಟಿಸಿದುದು ಒಂದೇ ಚಿತ್ರದಲ್ಲಿ, 1954ರ ‘ಕೂಂಡುಕ್ಕಿಳಿ’ಯಲ್ಲಿ. ಅದರಲ್ಲಿ ರಾಮಚಂದ್ರನ್ನರು ಸಜ್ಜನ ಗೃಹಸ್ಥ. ಗಣೇಶನ್ನರು ಮಿತ್ರನ ಹೆಂಡತಿಯ ಮೇಲೆ ಕಣ್ಣಿಟ್ಟ ದುರ್ಬಲಮನಸ್ಕ. ಚಿತ್ರವು ಯಶಸ್ವಿಯಾಗಲಿಲ್ಲ, ಮತ್ತೆ ಯಾರೂ ಆ ಸಾಹಸಕ್ಕೆ ಹೋಗಲಿಲ್ಲ. ಆದರೆ ಪಾತ್ರಗಳ ಹಂಚಿಕೆಯನ್ನು ಗಮನಿಸಿರಿ. ಕೀಳಾದ ಮನುಷ್ಯನಾಗಿ ಕಾಣಿಸಿಕೊಳ್ಳಲು ಗಣೇಶನ್ನರು ಹಿಂಜರಿಯಲಿಲ್ಲ. ಪಾತ್ರವು ಕೇಳಿದರೆ ಕುರೂಪಿಯೂ ಆಗುವರು, ಮುದುಕನೂ ಆಗುವರು, ದ್ರೋಹಿಯೂ ಆಗುವರು. 1964ರ ‘ನವರಾತ್ರಿ’ ಅವರ ನೂರನೆಯ ಚಿತ್ರ. ಅದೊಂದರಲ್ಲಿಯೇ ಒಂಬತ್ತು ಪಾತ್ರಗಳು, ಒಂದೊಂದಕ್ಕೂ ಬೇರೆ ನಡಿಗೆ, ಬೇರೆ ದನಿ.

ಅವರ ಕಲೆಯನ್ನು ಒಂದೇ ಚಿತ್ರದಿಂದ ತೋರಿಸಬೇಕೆಂದರೆ ನಾನು 1968ರ ‘ತಿಲ್ಲಾನಾ ಮೋಹನಾಂಬಾಳ್’ ಅನ್ನು ಆರಿಸುವೆನು. ಅದರಲ್ಲಿ ಅವರು ನಾಗಸ್ವರ ವಿದ್ವಾಂಸ. ನಾದವು ಮಧುರೆಯ ಸೇತುರಾಮನ್ ಪೊನ್ನುಸ್ವಾಮಿ ಸಹೋದರರದು; ತೆರೆಯ ಮೇಲಿನ ಮೈ ಮಾತ್ರ ಗಣೇಶನ್ನರದು. ಮದುವೆಯ ಮನೆಯಲ್ಲಿ ನಾಗಸ್ವರವನ್ನು ಹತ್ತಿರದಿಂದ ಕಂಡ ಯಾರೇ ಆಗಲಿ ಆ ದೃಶ್ಯಗಳನ್ನು ಪರೀಕ್ಷಿಸಬಹುದು. ಉಸಿರನ್ನು ಕಟ್ಟಿ ಹಿಡಿದಾಗ ಉಬ್ಬುವ ಕೆನ್ನೆ, ಕತ್ತಿನ ನರ, ಸ್ವರವು ಮೇಲೇರುವಾಗ ಏರುವ ಹುಬ್ಬು, ಜೊತೆಯವನು ತಪ್ಪದೆ ನುಡಿಸಿದನೆಂದು ತೋರುವ ಒಂದು ಕಿರುನೋಟ, ಇವೆಲ್ಲವೂ ವಿದ್ವಾಂಸನವೇ ಹೊರತು ನಟನವಲ್ಲ. ಅದರ ಮೇಲೆ ಆ ವಿದ್ವಾಂಸನ ಕೋಪ, ಅಹಂಕಾರ, ಪ್ರೇಮದಲ್ಲಿ ಅವನಿಗಾಗುವ ನಾಚಿಕೆ! ನಮ್ಮ ಆಲಂಕಾರಿಕರು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ಅಭಿನಯವನ್ನು ನಾಲ್ಕಾಗಿ ವಿಂಗಡಿಸಿದರು; ನಾಲ್ಕರಲ್ಲಿಯೂ ಇಷ್ಟು ಸಿದ್ಧಿ ಪಡೆದ ನಟರು ನಮ್ಮ ದೇಶದ ತೆರೆಯ ಮೇಲೆ ವಿರಳ.

ಅವರದು ಅತಿಯಾದ ಅಭಿನಯವೆಂಬ ಆಕ್ಷೇಪಣೆಯಿದೆ. ಕೆಲವೆಡೆ ಅದು ನಿಜವೇ. ಅಳುವಲ್ಲಿ ಎರಡು ಹನಿ ಸಾಕಾಗಿರಲು ಕೊಡವನ್ನೇ ಸುರಿಸುವರು. ಆದರೆ ಧ್ವನಿವರ್ಧಕವಿಲ್ಲದ ಕೊಟ್ಟಿಗೆಯಂಥ ನಾಟಕಶಾಲೆಯಲ್ಲಿ, ಹಿಂದಿನ ಸಾಲಿನ ನಾಲ್ಕಾಣೆಯ ಪ್ರೇಕ್ಷಕನಿಗೂ ಮಾತು ಮುಟ್ಟಬೇಕೆಂದು ಕಲಿತ ಗಂಟಲು ಅದು. ಆ ಪ್ರೇಕ್ಷಕನನ್ನು ಅವರು ಎಂದಿಗೂ ಮರೆಯಲಿಲ್ಲ.

ಈಗ ರಾಮಚಂದ್ರನ್ನರ ಕಡೆಗೆ ಬರೋಣ. 1958ರಲ್ಲಿ ಅವರು ತಾವೇ ಹಣ ಹಾಕಿ, ತಾವೇ ನಿರ್ದೇಶಿಸಿ, ಎರಡು ಪಾತ್ರಗಳನ್ನು ತಾವೇ ವಹಿಸಿ ‘ನಾಡೋಡಿ ಮನ್ನನ್’ ಎಂಬ ಚಿತ್ರವನ್ನು ತೆಗೆದರು. ಗೆದ್ದರೆ ತಾನು ಅರಸು, ಸೋತರೆ ಅಲೆಮಾರಿಯೆಂದು ಅವರು ಹೇಳಿಕೊಂಡದ್ದು ಪ್ರಸಿದ್ಧವಾಗಿದೆ. ಬೆಂಗಳೂರಿನ ಬಿ. ಸರೋಜಾದೇವಿಯವರು ತಮಿಳಿನಲ್ಲಿ ನೆಲೆಯೂರಲು ಕಾರಣವಾದ ಚಿತ್ರಗಳಲ್ಲಿ ಅದೂ ಒಂದು. ಗೆಲುವು ಅಪಾರವಾಗಿದ್ದಿತು. ಅಲ್ಲಿಂದ ಮುಂದೆ ರಾಮಚಂದ್ರನ್ನರ ನಾಯಕನು ಒಂದು ವ್ರತವನ್ನು ಹಿಡಿದವನಂತೆ ನಡೆದನು. ಅವನು ಕುಡಿಯುವುದಿಲ್ಲ, ಹೊಗೆಬತ್ತಿಯನ್ನು ಮುಟ್ಟುವುದಿಲ್ಲ, ತಾಯಿಯ ಮಾತನ್ನು ಮೀರುವುದಿಲ್ಲ, ಬಡವನ ಪಕ್ಕವನ್ನು ಬಿಡುವುದಿಲ್ಲ. ದೋಣಿ ನಡೆಸುವವನಾಗಲಿ, ರಿಕ್ಷಾ ಎಳೆಯುವವನಾಗಲಿ, ರಾಜಕುಮಾರನಾಗಲಿ, ಒಳಗಿರುವವನು ಒಬ್ಬನೇ. ಗಣೇಶನ್ನರು ಪಾತ್ರದೊಳಗೆ ಮರೆಯಾದರೆ, ಇಲ್ಲಿ ಪಾತ್ರವೇ ನಟನೊಳಗೆ ಕರಗಿಹೋಗುತ್ತಿದ್ದಿತು.

ಇದು ಸುಲಭದ ಕೆಲಸವೆಂದು ಎಣಿಸುವವರು ಪ್ರಯತ್ನಿಸಿ ನೋಡಬೇಕು. ನೂರಮೂವತ್ತಕ್ಕೂ ಮೀರಿದ ಚಿತ್ರಗಳಲ್ಲಿ ಬಹುಪಾಲು ಒಬ್ಬನೇ ಮನುಷ್ಯನಾಗಿ ನಿಂತು, ಜನರಿಗೆ ಬೇಸರ ತಾರದಿರುವುದು ಯಾವ ಶಕ್ತಿಯಿಂದ? ಕತ್ತಿವರಸೆಯಲ್ಲಿ, ಸಿಲಂಬದ ಕೋಲುವರಸೆಯಲ್ಲಿ ಅವರ ಮೈಯ ಹಗುರ, ಹೊಡೆಯುವಾಗಲೂ ಮುಖದಿಂದ ಮಾಸದ ನಗೆ, ನಾಯಕಿಯ ಎದುರಿಗಿಂತಲೂ ಮುದುಕಿಯೊಬ್ಬಳ ಎದುರಿಗೆ ಹೆಚ್ಚು ಮೃದುವಾಗುವ ದನಿ, ಇವೆಲ್ಲವನ್ನೂ ಅಳೆದು ತೂಗಿ ಇಟ್ಟುಕೊಂಡಿದ್ದರು. ಶೋಕದಲ್ಲಿ ಅವರು ಅಷ್ಟೇನೂ ಸಮರ್ಥರಲ್ಲ. ತಮಗೆ ಅಳುವುದು ಒಗ್ಗದೆಂಬುದನ್ನು ಅರಿತೋ ಏನೋ, ಅಂಥ ಘಟ್ಟಗಳಲ್ಲಿ ಮುಖವನ್ನು ಮುಚ್ಚಿಕೊಳ್ಳುವರು. ತನ್ನ ಅಳವನ್ನು ತಾನು ಬಲ್ಲದ್ದೂ ಒಂದು ಕಲೆಯಲ್ಲವೆ?

ಇಬ್ಬರ ಅಂತರವನ್ನು ಕಿವಿಯಿಂದಲೇ ಅರಿಯಬೇಕೆಂಬವರಿಗೆ ಒಂದು ಉಪಾಯವುಂಟು. ಇಬ್ಬರಿಗೂ ಹಾಡಿದ ಗಂಟಲು ಬಹುಮಟ್ಟಿಗೆ ಒಂದೇ: ಮಧುರೆಯ ಟಿ. ಎಂ. ಸೌಂದರರಾಜನ್ನರದು. ತೆರೆಯನ್ನು ನೋಡದೆ ಕೇಳಿದರೂ ಈ ಹಾಡು ಯಾರದೆಂದು ತಮಿಳು ಮನೆಯ ಹುಡುಗನೂ ಹೇಳಬಲ್ಲನು. ಗಣೇಶನ್ನರಿಗಾದರೆ ಎದೆಯ ಆಳದಿಂದ ಹೊರಟ ತುಂಬು ದನಿ. ರಾಮಚಂದ್ರನ್ನರಿಗಾದರೆ ತುಸು ಮೇಲಿನ, ತಿಳಿಯಾದ, ನಡೆಯುತ್ತ ಹಾಡುವವನಂಥ ದನಿ. ಈ ಪುಣ್ಯಾತ್ಮನನ್ನು ಕುರಿತೇ ಒಂದು ಲೇಖನವನ್ನು ಬರೆಯಬಹುದು.

ಇನ್ನು ಪಂತುಲು ಅವರ ವಿಚಾರ. ಗುಬ್ಬಿ ಕಂಪನಿಯಲ್ಲಿ ಪಳಗಿ, 1936ರ ‘ಸಂಸಾರ ನೌಕೆ’ಯಲ್ಲಿ ನಟಿಸಿ, ಮದರಾಸಿನಲ್ಲಿ ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯನ್ನು ಕಟ್ಟಿದವರು ಅವರು. ‘ಸ್ಕೂಲ್ ಮಾಸ್ಟರ್’, ‘ಕಿತ್ತೂರು ಚೆನ್ನಮ್ಮ’, ‘ಶ್ರೀಕೃಷ್ಣದೇವರಾಯ’ಗಳಿಂದ ಕನ್ನಡಿಗರಿಗೆ ಅವರು ಚಿರಪರಿಚಿತರು. ಗಣೇಶನ್ನರೊಡನೆ ಅವರು 1959ರಲ್ಲಿ ‘ವೀರಪಾಂಡ್ಯ ಕಟ್ಟಬೊಮ್ಮನ್’ ಅನ್ನು ತೆಗೆದರು. ಬಾಲ್ಯದಲ್ಲಿ ಬೀದಿನಾಟಕದಲ್ಲಿ ಕಂಡ ವೀರನನ್ನು ಗಣೇಶನ್ನರು ಮೊದಲು ರಂಗದ ಮೇಲೆ, ತರುವಾಯ ಪಂತುಲು ಅವರ ಕೈಯಲ್ಲಿ ತೆರೆಯ ಮೇಲೆ ಬದುಕಿಸಿದರು. 1960ರಲ್ಲಿ ಕೈರೋ ನಗರದ ಆಫ್ರಿಕಾ ಏಷ್ಯಾ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂಬ ಪ್ರಶಸ್ತಿಯು ಅವರಿಗೆ ದೊರೆಯಿತು. 1964ರ ಸಂಕ್ರಾಂತಿಗೆ ‘ಕರ್ಣನ್’ ಬಂದಿತು. ಬಣ್ಣದ ಚಿತ್ರ, ಯುದ್ಧಕ್ಕೆ ಕುರುಕ್ಷೇತ್ರದ ಬಯಲೇ ರಂಗಭೂಮಿ, ಕೃಷ್ಣನ ಪಾತ್ರದಲ್ಲಿ ಎನ್. ಟಿ. ರಾಮರಾಯರು. ಕವಚಕುಂಡಲಗಳನ್ನು ಕಿತ್ತುಕೊಡುವ ಕರ್ಣ, ಸಾಯುವ ಹೊತ್ತಿನಲ್ಲಿ ಪುಣ್ಯವನ್ನೂ ದಾನ ಮಾಡುವ ಕರ್ಣ: ಕೊಟ್ಟು ಕೊಟ್ಟು ಬರಿದಾಗುವ ಆ ಪಾತ್ರವು ಗಣೇಶನ್ನರಿಗಾಗಿಯೇ ವ್ಯಾಸರು ಬರೆದಿಟ್ಟಂತಿದ್ದಿತು. ಆದರೆ ಸುರಿದ ಹಣಕ್ಕೆ ತಕ್ಕ ಪ್ರತಿಫಲವು ಆಗ ಬರಲಿಲ್ಲವೆಂದು ಹೇಳುತ್ತಾರೆ. ಅದೇ ವರ್ಷದ ದೀಪಾವಳಿಗೆ ಪಂತುಲು ಅವರ ‘ಮುರಡನ್ ಮುತ್ತು’ವೂ ‘ನವರಾತ್ರಿ’ಯೂ ಒಟ್ಟಿಗೆ ಬಿಡುಗಡೆಯಾದವು. ನೂರನೆಯ ಚಿತ್ರವೆಂಬ ಗೌರವವು ‘ನವರಾತ್ರಿ’ಗೆ ಸಂದುದರಿಂದ ಇಬ್ಬರ ಮನಸ್ಸು ಮುರಿಯಿತೆಂಬುದು ಪ್ರಸಿದ್ಧಿ. ಗಣೇಶನ್ನರ ಆಪ್ತ ನಿರ್ದೇಶಕರು ರಾಮಚಂದ್ರನ್ನರ ಮನೆಯ ಬಾಗಿಲಿಗೆ ಹೋದರು.

ಫಲವು 1965ರ ‘ಆಯಿರತ್ತಿಲ್ ಒರುವನ್’. ‘ಮುರಡನ್ ಮುತ್ತು’ವಿನ ಕನ್ನಡ ರೂಪವಾದ ‘ಚಿನ್ನದ ಗೊಂಬೆ’ಯಲ್ಲಿ ಪಂತುಲು ಅವರು ನಾಯಕಿಯನ್ನಾಗಿ ಮಾಡಿದ್ದ ಜಯಲಲಿತಾ ಅವರೇ ಇಲ್ಲಿಯೂ ನಾಯಕಿ, ರಾಮಚಂದ್ರನ್ನರೊಡನೆ ಅವರಿಗೆ ಅದು ಮೊದಲನೆಯ ಚಿತ್ರ. ಕಡಲಿನ ದೃಶ್ಯಗಳನ್ನು ನಮ್ಮ ಕಾರವಾರದಲ್ಲಿ ತೆಗೆದರು. ನಾಯಕನು ವೈದ್ಯ, ಗಾಯಗೊಂಡ ಬಂಡಾಯಗಾರರಿಗೆ ಮದ್ದು ಕಟ್ಟಿದ ತಪ್ಪಿಗೆ ಗುಲಾಮನಾಗಿ ಮಾರಲ್ಪಟ್ಟು, ಕಡಲುಗಳ್ಳರ ಕೈಗೆ ಸಿಕ್ಕಿ, ಕೊನೆಗೆ ತನ್ನವರೆಲ್ಲರನ್ನೂ ಬಿಡಿಸುತ್ತಾನೆ. ಈ ಎರಡು ಚಿತ್ರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದಾಗ ನನ್ನ ಹಳೆಯ ತೀರ್ಪು ಸಡಿಲವಾಯಿತು. ಒಬ್ಬನೇ ನಿರ್ದೇಶಕ, ಅದೇ ವಿಶ್ವನಾಥನ್ ರಾಮಮೂರ್ತಿಯವರ ಸಂಗೀತ, ನಡುವೆ ಹದಿನೆಂಟು ತಿಂಗಳು. ‘ಕರ್ಣನ್’ನಲ್ಲಿ ಪಂತುಲು ಅವರು ಕ್ಯಾಮೆರಾವನ್ನು ಮುಖದ ಹತ್ತಿರಕ್ಕೆ ತಂದು ಕಾಯುತ್ತಾರೆ, ನಡೆಯಬೇಕಾದುದೆಲ್ಲವೂ ಆ ಕಣ್ಣುಗಳಲ್ಲಿ ನಡೆಯುತ್ತದೆ. ‘ಆಯಿರತ್ತಿಲ್ ಒರುವನ್’ನಲ್ಲಿ ಅದೇ ಕ್ಯಾಮೆರಾ ಹಿಂದಕ್ಕೆ ಸರಿದು ಹಡಗು, ಅಲೆ, ಗುಲಾಮರ ಗುಂಪು, ಗುಂಪಿನ ನಡುವೆ ನಗುತ್ತ ನಿಂತವನು ಎಲ್ಲವನ್ನೂ ಸೇರಿಸಿಕೊಳ್ಳುತ್ತದೆ. ಏಕಾಂಗಿಯಾಗಿ ಸಾಯುವುದು ಗಣೇಶನ್ನರ ಪ್ರತಿಭೆ. ಜನರ ನಡುವೆ ಬದುಕುವುದು ರಾಮಚಂದ್ರನ್ನರದು. ನಾಯಕನು ಸಾಯುವ ಚಿತ್ರಗಳಲ್ಲಿ ಅವರು ನಟಿಸಿಲ್ಲವೆಂದಲ್ಲ, 1956ರ ‘ಮಧುರೈ ವೀರನ್’ ಇದೆಯಷ್ಟೆ. ಆದರೆ ಅಂಥವು ಕೆಲವೇ. ಪಂತುಲು ಅವರು ಈ ಭೇದವನ್ನು ಕಂಡುಕೊಂಡು ಒಬ್ಬನಿಗೆ ಇನ್ನೊಬ್ಬನ ಅಂಗಿಯನ್ನು ತೊಡಿಸಲು ಹೋಗಲಿಲ್ಲ.

1967ರ ಜನವರಿ 12ರಂದು ನಟ ಎಂ. ಆರ್. ರಾಧಾ ಅವರು ರಾಮಚಂದ್ರನ್ನರನ್ನು ಅವರ ಮನೆಯಲ್ಲಿಯೇ ಗುಂಡಿಟ್ಟು ಗಾಯಗೊಳಿಸಿದರು. ಗುಂಡು ಕತ್ತಿನಲ್ಲಿ ನಾಟಿತು. ಜೀವವು ಉಳಿಯಿತು, ದನಿಯು ಕೆಟ್ಟಿತು. ವಾಕ್ಚಿತ್ರದ ನಟನಿಗೆ ಇದಕ್ಕಿಂತ ಹೆಚ್ಚಿನ ಆಪತ್ತು ಯಾವುದಿದೆ? ಆಸ್ಪತ್ರೆಯ ಹಾಸಿಗೆಯಿಂದಲೇ ಅವರು ಚುನಾವಣೆಯನ್ನು ಗೆದ್ದರು; ಬಳಿಕ ಆ ತೊದಲು ದನಿಯಲ್ಲಿಯೇ ಇನ್ನೂ ಹತ್ತು ವರ್ಷ ನಾಯಕರಾಗಿ ನಟಿಸಿದರು. ಜನರು ಆ ದನಿಯನ್ನು ಕುಂದೆಂದು ಎಣಿಸಲಿಲ್ಲ, ಮನೆಯವನೊಬ್ಬನಿಗೆ ಬಂದ ಗಾಯವೆಂದು ಒಪ್ಪಿಕೊಂಡರು. ಗಣೇಶನ್ನರಿಗೆ ಇಂಥದು ಒದಗಿದ್ದರೆ ಏನಾಗುತ್ತಿದ್ದಿತೋ ಹೇಳಲಾಗದು. ಅವರ ಸಂಪತ್ತೆಲ್ಲವೂ ಆ ಕಂಠದಲ್ಲಿದ್ದಿತು.

ಬಿರುದುಬಾವಲಿಗಳ ಲೆಕ್ಕದಲ್ಲಿ ಒಂದು ಅನ್ಯಾಯವನ್ನು ಹೇಳಲೇಬೇಕು. ದೇಶದ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿಯು 1971ರ ‘ರಿಕ್ಷಾಕಾರನ್’ ಚಿತ್ರಕ್ಕಾಗಿ ರಾಮಚಂದ್ರನ್ನರಿಗೆ ಘೋಷಿತವಾಯಿತು. ಸುಮಾರು ಮುನ್ನೂರು ಚಿತ್ರಗಳಲ್ಲಿ ನಟಿಸಿದ ಗಣೇಶನ್ನರಿಗೆ ಆ ಪ್ರಶಸ್ತಿಯು ಒಮ್ಮೆಯೂ ಬರಲಿಲ್ಲ. ಫ್ರೆಂಚ್ ಸರಕಾರವು ಅವರನ್ನು 1995ರಲ್ಲಿ ಗೌರವಿಸಿತು. ಫಾಲ್ಕೆ ಪ್ರಶಸ್ತಿಯೂ ಮುಪ್ಪಿನಲ್ಲಿ ಬಂದಿತು. ಆದರೆ ಆ ಕೊರತೆಯು ತುಂಬಲಿಲ್ಲ. ನಟನೆಯೊಂದನ್ನೇ ತೂಗುವುದಾದರೆ ಗಣೇಶನ್ನರ ತಟ್ಟೆಯೇ ಕೆಳಗಿಳಿಯುತ್ತದೆಂದು ನಾನು ಇಂದೂ ನಂಬಿದ್ದೇನೆ.

ರಾಜಕೀಯದಲ್ಲಿ ತಕ್ಕಡಿಯು ಇನ್ನೊಂದು ಕಡೆಗೆ ವಾಲಿತು. ರಾಮಚಂದ್ರನ್ನರು 1972ರಲ್ಲಿ ಸ್ವಂತ ಪಕ್ಷವನ್ನು ಕಟ್ಟಿ, 1977ರಲ್ಲಿ ಮುಖ್ಯಮಂತ್ರಿಗಳಾದರು. 1982ರಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟದ ಯೋಜನೆಯನ್ನು ರಾಜ್ಯದ ಉದ್ದಗಲಕ್ಕೂ ಹಬ್ಬಿಸಿದರು. ಹಸಿವಿನಿಂದ ನಾಟಕ ಕಂಪನಿಗೆ ಸೇರಿದ ಹುಡುಗನ ನೆನಪು ಅದರಲ್ಲಿ ಇಲ್ಲವೆನ್ನಲಾಗದು. 1987ರ ಡಿಸೆಂಬರ್ 24ರಂದು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಗಣೇಶನ್ನರೂ ಪಕ್ಷವೊಂದನ್ನು ಕಟ್ಟಿ 1989ರಲ್ಲಿ ತಿರುವೈಯಾರಿನಲ್ಲಿ ನಿಂತು ಸೋತರು. ನೂರು ಮುಖಗಳನ್ನು ತೋರಿಸಿದವನಿಗೆ ಮತ ಹಾಕುವಾಗ, ಯಾವ ಮುಖಕ್ಕೆ ಹಾಕಬೇಕೆಂದು ಜನರಿಗೆ ತಿಳಿಯದೆ ಹೋಯಿತೋ ಏನೋ! 2001ರಲ್ಲಿ ಅವರು ಕಾಲವಾದರು.

ಪಂತುಲು ಅವರು 1974ರಲ್ಲಿಯೇ ತೀರಿಕೊಂಡಿದ್ದರು. ಅವರ ಕೈಯಲ್ಲಿ ಅರ್ಧಕ್ಕೆ ನಿಂತ ‘ಮಧುರೈಯೈ ಮೀಟ್ಟ ಸುಂದರಪಾಂಡಿಯನ್’ ಚಿತ್ರವನ್ನು ರಾಮಚಂದ್ರನ್ನರು ತಾವೇ ನಿರ್ದೇಶಿಸಿ ಮುಗಿಸಿದರು. 1978ರ ಸಂಕ್ರಾಂತಿಗೆ ಅದು ತೆರೆಗೆ ಬಂದಾಗ ಅದರ ನಾಯಕನು ರಾಜ್ಯದ ಮುಖ್ಯಮಂತ್ರಿಯಾಗಿದ್ದನು. ಅದೇ ಅವರ ಕೊನೆಯ ಚಿತ್ರ.

2012ರಲ್ಲಿ ‘ಕರ್ಣನ್’ ಅನ್ನು ಹೊಸ ಯಂತ್ರಗಳಿಂದ ತಿದ್ದಿ, ಬಣ್ಣವನ್ನೂ ದನಿಯನ್ನೂ ಶುದ್ಧಗೊಳಿಸಿ ಮತ್ತೆ ಬಿಡುಗಡೆ ಮಾಡಿದರು. ಚೆನ್ನೈಯಲ್ಲಿ ಅದು ನೂರು ದಿನಗಳನ್ನು ಮೀರಿ ಓಡಿತು. ಎರಡು ವರ್ಷಗಳ ತರುವಾಯ ‘ಆಯಿರತ್ತಿಲ್ ಒರುವನ್’ ಕೂಡ ಹಾಗೆಯೇ ಬಂದು, ಹಾಗೆಯೇ ನೂರು ದಿನಗಳನ್ನು ದಾಟಿತು. ಎರಡರ ಮೊದಲಲ್ಲಿಯೂ ನಿರ್ದೇಶಕರೆಂದು ಮೂಡುವ ಹೆಸರು ಬಿ. ಆರ್. ಪಂತುಲು ಅವರದು.