ಎಲ್‌ಎಲ್‌ಆರ್ ಪರೀಕ್ಷೆ: ಆ್ಯಪ್ ಕಲಿಸುವುದೆಷ್ಟು?

ಕಲಿಕಾ ಲೈಸೆನ್ಸ್ ಪಡೆಯಲು, ಅಂದರೆ ಊರೆಲ್ಲ ಎಲ್‌ಎಲ್‌ಆರ್ ಎಂದೇ ಕರೆಯುವ ಪತ್ರ ಕೈಗೆ ಬರಲು, ಮೊದಲು ಒಂದು ಚಿಕ್ಕ ಪರೀಕ್ಷೆ ಪಾಸಾಗಬೇಕು. ಅದರಲ್ಲಿ ಏನೇನು ಕೇಳಬೇಕು ಎಂಬುದನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೇ ನಿಯಮ ಹೇಳುತ್ತದೆ: ಸಂಚಾರ ಚಿಹ್ನೆ, ಸಿಗ್ನಲ್ ಮತ್ತು ರಸ್ತೆಯ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗಿನ ಎಚ್ಚರಿಕೆ, ಗಾಡಿಯಲ್ಲಿ ಇರಬೇಕಾದ ದಾಖಲೆಗಳು. ಕೇಳಿದ್ದರಲ್ಲಿ ಕನಿಷ್ಠ ಶೇ 60ರಷ್ಟಕ್ಕೆ ಸರಿ ಉತ್ತರ ಕೊಟ್ಟರೆ ಸಾಕು. ಕೇಂದ್ರ ನಿಯಮದಂತೆ ಪರೀಕ್ಷಾ ಶುಲ್ಕ 50 ರೂಪಾಯಿ. ನಪಾಸಾದರೆ ಮತ್ತೊಮ್ಮೆ ಅಷ್ಟೇ ಕಟ್ಟಿ ಕೂರಬಹುದು.

ಈ ಪರೀಕ್ಷೆಗೆ ಓದುವುದೆಂದರೆ ಹಿಂದೆ ಡ್ರೈವಿಂಗ್ ಸ್ಕೂಲಿನ ಗೋಡೆಯ ಚಾರ್ಟ್ ನೋಡುವುದು, ಇಲ್ಲವೇ ಅವರು ಕೊಟ್ಟ ಜೆರಾಕ್ಸ್ ಹಾಳೆ ತಿರುವಿಹಾಕುವುದು. ಈಗ ಆ ಕೆಲಸ ಫೋನಿಗೆ ಬಂದಿದೆ. ಪ್ಲೇ ಸ್ಟೋರಿನಲ್ಲಿ ಹುಡುಕಿದರೆ ಆರ್‌ಟಿಒ ಹೆಸರಿನ ಹತ್ತಾರು ಆ್ಯಪ್‌ಗಳು ಸಿಗುತ್ತವೆ. ಹೆಚ್ಚಿನವು ಖಾಸಗಿಯವರವು, ಜಾಹೀರಾತಿನಿಂದ ನಡೆಯುವಂಥವು. ಸರ್ಕಾರದ ಕಡೆಯಿಂದ ಸಾರಥಿ ಪೋರ್ಟಲಿನಲ್ಲಿ ಪಾಠ ಮತ್ತು ಅಣಕು ಪರೀಕ್ಷೆ ಎರಡೂ ಉಚಿತವಾಗಿವೆ. 2021ರಿಂದ ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆ ಮನೆಯಿಂದಲೇ ಪರೀಕ್ಷೆ ಬರೆಯುವ ವ್ಯವಸ್ಥೆಯೂ ಒಂದೊಂದೇ ರಾಜ್ಯಕ್ಕೆ ಬಂದಿತು. ಹೀಗಾಗಿ ಓದುವ ಪರದೆ, ಬರೆಯುವ ಪರದೆ ಎರಡೂ ಒಂದೇ ಆಗಿವೆ.

ಆ್ಯಪ್ ನಿಜಕ್ಕೂ ಉಪಯೋಗಕ್ಕೆ ಬರುವುದು ಚಿಹ್ನೆಗಳ ವಿಷಯದಲ್ಲಿ. ಭಾರತದ ರಸ್ತೆ ಚಿಹ್ನೆಗಳಿಗೆ ಆಕಾರವೇ ಮೊದಲ ಸುಳಿವು. ವೃತ್ತದೊಳಗಿದ್ದರೆ ಅದು ಆದೇಶ, ಮೀರಿದರೆ ದಂಡ. ಕೆಂಪಂಚಿನ ತ್ರಿಕೋನ ಎಚ್ಚರಿಕೆ. ಆಯತ ಬರೀ ಮಾಹಿತಿ. ಎಂಟು ಮೂಲೆಯ ಕೆಂಪು ಫಲಕ ‘ನಿಲ್ಲಿ’ ಎಂಬುದಕ್ಕೆ, ತಲೆಕೆಳಗಾದ ತ್ರಿಕೋನ ‘ದಾರಿ ಬಿಡಿ’ ಎಂಬುದಕ್ಕೆ ಮೀಸಲು. ಮಸುಕಾದರೂ ಧೂಳು ಕೂತರೂ ಆಕಾರದಿಂದಲೇ ಗುರುತು ಸಿಗಲಿ ಎಂಬುದು ಇದರ ಹಿಂದಿನ ಲೆಕ್ಕ. ಇಷ್ಟು ತಿಳಿದವರಿಗೆ ಅರ್ಧ ಉತ್ತರ ಹೊಳೆದಂತೆಯೇ. ತೊಡಕಿರುವುದು ಜೋಡಿ ಚಿಹ್ನೆಗಳಲ್ಲಿ. ನೀಲಿ ವೃತ್ತದ ಮೇಲೆ ಒಂದೇ ಓರೆಗೆರೆ ಇದ್ದರೆ ವಾಹನ ನಿಲುಗಡೆ ಇಲ್ಲ. ಎರಡು ಗೆರೆ ಅಡ್ಡಹಾಯ್ದಿದ್ದರೆ ಕ್ಷಣಕಾಲವೂ ನಿಲ್ಲಿಸುವಂತಿಲ್ಲ. ಕಿರಿದಾದ ಸೇತುವೆಗೂ ಕಿರಿದಾಗುವ ರಸ್ತೆಗೂ ಚಿತ್ರದಲ್ಲಿ ವ್ಯತ್ಯಾಸ ಸಣ್ಣದು. ‘ಹಾರ್ನ್ ನಿಷೇಧ’ದ ಪಕ್ಕದಲ್ಲೇ ‘ಹಾರ್ನ್ ಕಡ್ಡಾಯ’ ಎಂಬ ನೀಲಿ ವೃತ್ತವೂ ಇದೆ, ನಮ್ಮ ಚಾಲಕರು ಎಲ್ಲ ಫಲಕಗಳನ್ನೂ ಹಾಗೆಯೇ ಓದಿಕೊಂಡಂತಿದೆ. ಇಂಥ ಜೋಡಿಗಳನ್ನು ಅದಲುಬದಲು ಮಾಡಿ ಮತ್ತೆಮತ್ತೆ ಮುಂದಿಡುವ ಕೆಲಸವನ್ನು ಪುಸ್ತಕಕ್ಕಿಂತ ಆ್ಯಪ್ ಚೆನ್ನಾಗಿ ಮಾಡುತ್ತದೆ.

ಹೀಗೆ ಕೇಳಿಸಿಕೊಂಡು ಕಲಿಯುವುದಕ್ಕೆ ಮನೋವಿಜ್ಞಾನದ ಬೆಂಬಲವೂ ಇದೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರ ಕಳೆದ ಮೇಲೆ ಮುಂದಿದ್ದವರು, ಓದಿದ್ದನ್ನು ನೆನಪಿನಿಂದ ಬರೆದು ತಮ್ಮನ್ನೇ ಪರೀಕ್ಷಿಸಿಕೊಂಡವರು. ಆದರೆ ಆ್ಯಪ್‌ನಲ್ಲಿ ಆಯ್ಕೆಗಳು ಎದುರಿಗೇ ಇರುತ್ತವೆ. ಪ್ರಶ್ನೆ ಓದಿದ ಕೂಡಲೇ ಆಯ್ಕೆಗಳನ್ನು ಬೆರಳಿನಿಂದ ಮುಚ್ಚಿ, ಉತ್ತರವನ್ನು ಮೊದಲು ಮನಸ್ಸಿನಲ್ಲೇ ಹೇಳಿಕೊಂಡರೆ ಅಭ್ಯಾಸ ಗಟ್ಟಿಯಾಗುತ್ತದೆ. ತಪ್ಪಿದ ಪ್ರಶ್ನೆಗಳನ್ನು ಆಗಲೇ ಬಿಟ್ಟು, ಒಂದೆರಡು ದಿನ ಕಳೆದು ಮತ್ತೆ ಎತ್ತಿಕೊಳ್ಳಬೇಕು. ಅರ್ಜಿಯಲ್ಲಿ ಕನ್ನಡ ಆರಿಸಿಕೊಂಡವರು ಅಭ್ಯಾಸವನ್ನೂ ಕನ್ನಡದಲ್ಲೇ ಮಾಡಬೇಕು. ಸರ್ಕಾರಿ ಅನುವಾದದ ಬಿಗಿ ವಾಕ್ಯಗಳನ್ನು ಪರೀಕ್ಷೆಯ ಗಡಿಬಿಡಿಯಲ್ಲಿ ಮೊದಲ ಸಲ ಬಿಡಿಸಿಕೊಳ್ಳುವುದು ಕಷ್ಟ.

ಇನ್ನು ಕೊರತೆಗಳು. ಮೊದಲನೆಯದು ಹಳಸಿದ ಉತ್ತರ. 2019ರ ಸೆಪ್ಟೆಂಬರ್ 1ರಂದು ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದಾಗ ಹೆಲ್ಮೆಟ್ ಇಲ್ಲದ ಸವಾರಿಗೆ 100 ರೂಪಾಯಿ ಇದ್ದ ದಂಡ 1000ಕ್ಕೆ ಏರಿತು. ಅದೇ ತಿಂಗಳು ಕರ್ನಾಟಕ ಅದನ್ನು 500ಕ್ಕೆ ಇಳಿಸಿತು. ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಕಾಯ್ದೆಯಲ್ಲಿದ್ದ 500 ರೂಪಾಯಿ 5000 ಆಯಿತು. ಹಳೆಯ ಅಂಕಿಗಳನ್ನೇ ಇಟ್ಟುಕೊಂಡ ಆ್ಯಪ್ ಓದುಗನನ್ನು ಎರಡು ಕಡೆ ಕೆಡಿಸುತ್ತದೆ, ಪರೀಕ್ಷೆಯಲ್ಲೂ ರಸ್ತೆಯಲ್ಲೂ. ದಾಖಲೆಗಳ ಕಥೆಯೂ ಹಾಗೆಯೇ: ಡಿಜಿಲಾಕರ್, ಎಂಪರಿವಾಹನ್‌ನಲ್ಲಿರುವ ಡಿಎಲ್ ಮತ್ತು ಆರ್‌ಸಿಗೆ 2018ರಿಂದ ಮಾನ್ಯತೆ ಇದ್ದರೂ ‘ಮೂಲ ಪ್ರತಿಯೇ ಬೇಕು’ ಎನ್ನುವ ಪ್ರಶ್ನೋತ್ತರಗಳು ಉಳಿದಿವೆ. 1989ರ ರಸ್ತೆ ನಿಯಮಾವಳಿಯ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂದದ್ದೂ ಕೆಲವಕ್ಕೆ ಗೊತ್ತಿದ್ದಂತಿಲ್ಲ. ಇನ್ನು, ಹಳದಿ ವಜ್ರಾಕಾರದ ಎಚ್ಚರಿಕೆ ಫಲಕ ಕಂಡರೆ ಆ ಆ್ಯಪ್ ಅಮೆರಿಕದಂಥ ಬೇರೆ ದೇಶದವರಿಗೆ ಮಾಡಿದ್ದು. ಬಲಬದಿಯಲ್ಲಿ ಓಡಿಸುವವರ ಪಾಠ ಇಲ್ಲಿಗೆ ಆಗಿಬರುವುದಿಲ್ಲ.

ಎರಡನೆಯ ಕೊರತೆ ಇನ್ನೂ ಆಳದ್ದು. ಪ್ರಶ್ನೆಬ್ಯಾಂಕ್ ಬಹಿರಂಗವಾಗಿರುವುದರಿಂದ ನಿಯಮ ತಿಳಿಯದೆಯೂ ಉತ್ತರ ಬಾಯಿಪಾಠ ಮಾಡಬಹುದು. ಕಾವಲಿಲ್ಲದ ರೈಲ್ವೆ ಗೇಟಿನ ಪ್ರಶ್ನೆಯನ್ನೇ ನೋಡಬಹುದು. ಕಾಯ್ದೆಯ 131ನೇ ಕಲಂ ಪ್ರಕಾರ ಚಾಲಕ ಗಾಡಿ ನಿಲ್ಲಿಸಬೇಕು. ಕಂಡಕ್ಟರ್, ಕ್ಲೀನರ್ ಅಥವಾ ಜೊತೆಗಿರುವವರು ಹಳಿಯವರೆಗೆ ನಡೆದು ಎರಡೂ ಕಡೆಯಿಂದ ರೈಲು ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ಗಾಡಿಯನ್ನು ದಾಟಿಸಬೇಕು. ಯಾರೂ ಇಲ್ಲದಿದ್ದರೆ ಚಾಲಕನೇ ಇಳಿದು ನೋಡಬೇಕು. ಆ್ಯಪ್‌ನಲ್ಲಿ ಇದು ‘ಇಳಿದು ನೋಡಿ ದಾಟುವುದು’ ಎಂಬ ಒಂದು ಆಯ್ಕೆಗೆ ಕುಗ್ಗುತ್ತದೆ. (ಬ್ರಾಡ್‌ಗೇಜ್ ಮಾರ್ಗಗಳ ಕಾವಲಿಲ್ಲದ ಗೇಟುಗಳನ್ನೆಲ್ಲ ರೈಲ್ವೆ 2019ರ ಜನವರಿಯೊಳಗೆ ತೆಗೆದುಹಾಕಿದೆ. ಪರೀಕ್ಷೆಯ ಪಠ್ಯಕ್ರಮ ಅವನ್ನು ಇನ್ನೂ ಬಿಟ್ಟಿಲ್ಲ.) ಅಪಘಾತದ ಪ್ರಶ್ನೆಯೂ ಅಷ್ಟೇ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಮೊದಲ ಹೊಣೆ, ಪೊಲೀಸರಿಗೆ ಆದಷ್ಟು ಬೇಗ, 24 ಗಂಟೆ ಮೀರದಂತೆ ತಿಳಿಸಬೇಕು ಎಂದು 134ನೇ ಕಲಂ ಹೇಳುತ್ತದೆ. ಬಾಯಿಪಾಠದವರಿಗೆ ‘24 ಗಂಟೆ’ ಎಂಬುದಷ್ಟೇ ಉಳಿದು, ಮೊದಲು ಆಸ್ಪತ್ರೆ ಎಂಬುದು ಮರೆತುಹೋಗುವ ಸಾಧ್ಯತೆಯೇ ಹೆಚ್ಚು.

ಬಾಯಿಪಾಠದ ಈ ಸಮಸ್ಯೆಯನ್ನು ಬ್ರಿಟನ್ ಮೊದಲೇ ಎದುರಿಸಿತು. ಅಲ್ಲಿ 1996ರಲ್ಲಿ ಪ್ರತ್ಯೇಕ ಥಿಯರಿ ಪರೀಕ್ಷೆ ಶುರುವಾಯಿತು. ನಿಜ ಪ್ರಶ್ನೆಗಳನ್ನು ಅಭ್ಯಾಸದ ಪುಸ್ತಕಗಳಲ್ಲಿ ಅಚ್ಚು ಹಾಕುವುದನ್ನು 2012ರಲ್ಲಿ ನಿಲ್ಲಿಸಲಾಯಿತು. ಅಧಿಕೃತ ಆ್ಯಪ್ ಇದೆ, ಆದರೆ ಅದರಲ್ಲಿರುವುದು ಪರೀಕ್ಷೆಯ ಪ್ರಶ್ನೆಗಳಲ್ಲ, ಅಂಥವೇ ಬೇರೆ ಪ್ರಶ್ನೆಗಳು. ಕಾರಿನ ಪರೀಕ್ಷೆಯಲ್ಲಿ 57 ನಿಮಿಷದಲ್ಲಿ 50 ಪ್ರಶ್ನೆ, ಪಾಸಾಗಲು 43 ಸರಿಯಿರಬೇಕು. ಜೊತೆಗೆ 2002ರಿಂದ ಅಪಾಯ ಗ್ರಹಿಕೆಯ ಭಾಗವೂ ಇದೆ: 14 ವಿಡಿಯೊ ತುಣುಕುಗಳಲ್ಲಿ ಅಪಾಯ ರೂಪುಗೊಳ್ಳುತ್ತಿರುವುದು ಕಂಡ ಕೂಡಲೇ ಕ್ಲಿಕ್ ಮಾಡಬೇಕು, ಬೇಗ ಕಂಡಷ್ಟೂ ಅಂಕ ಹೆಚ್ಚು, 75ಕ್ಕೆ 44 ಬರಬೇಕು. ಉದ್ಯೋಗಕ್ಕೆಂದು ಅಲ್ಲಿಗೆ ಹೋದ ಕನ್ನಡಿಗರು ಭಾರತದ ಡಿಎಲ್‌ನಲ್ಲಿ 12 ತಿಂಗಳು ಓಡಿಸಬಹುದು, ಆಮೇಲೆ ಈ ಪರೀಕ್ಷೆ ಬರೆಯಲೇಬೇಕು. ಪಕ್ಕದ ಕೇರಳವೂ 2025ರಲ್ಲಿ 20 ಇದ್ದ ಪ್ರಶ್ನೆಗಳನ್ನು 30ಕ್ಕೆ ಏರಿಸಿ, ಅಭ್ಯಾಸಕ್ಕೆ ಲೀಡ್ಸ್ ಎಂಬ ತನ್ನದೇ ಆ್ಯಪ್ ತಂದಿತು. ಕಲಿಕೆಯ ಆ್ಯಪ್‌ಗೆ ಇಲಾಖೆಯೇ ಹೊಣೆ ಹೊರುವ ಈ ಕ್ರಮ ಕರ್ನಾಟಕಕ್ಕೂ ಒಪ್ಪುವಂಥದ್ದು.

ಆ್ಯಪ್ ಇಳಿಸಿಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಇ-ಚಲನ್ ಬಂದಿದೆ ಎಂಬ ವಾಟ್ಸ್‌ಆ್ಯಪ್ ಸಂದೇಶದೊಂದಿಗೆ ಎಂಪರಿವಾಹನ್ ಹೆಸರಿನ ನಕಲಿ ಎಪಿಕೆ ಕಡತ ಕಳಿಸಿ ಹಣ ದೋಚುವ ಜಾಲಗಳಿವೆ. ಅಭ್ಯಾಸದ ಆ್ಯಪ್‌ಗೆ ಎಸ್ಸೆಮ್ಮೆಸ್ಸಾಗಲಿ ಸಂಪರ್ಕ ಪಟ್ಟಿಯಾಗಲಿ ಬೇಕಿಲ್ಲ. ಕೇಳಿದರೆ ತೆಗೆದುಹಾಕುವುದೇ ಸರಿ. ಆಧಾರ್ ಸಂಖ್ಯೆಯನ್ನು ಸಾರಥಿ ಪೋರ್ಟಲ್ ಬಿಟ್ಟು ಬೇರೆಲ್ಲೂ ಹಾಕಬಾರದು.

ಎಲ್‌ಎಲ್‌ಆರ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, ಸಿಕ್ಕ 30 ದಿನದವರೆಗೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ. ಎಲ್ ಬೋರ್ಡ್ ಹಾಕಿಕೊಂಡು, ಪಕ್ಕದಲ್ಲಿ ಲೈಸೆನ್ಸ್ ಇರುವವರನ್ನು ಕೂರಿಸಿಕೊಂಡು ಓಡಿಸುವ ಆ ದಿನಗಳಲ್ಲೇ ಆ್ಯಪ್‌ನ ಪ್ರಶ್ನೆಗಳಿಗೆ ಅರ್ಥ ಬರುವುದು: ಸಿಗ್ನಲ್ ಇಲ್ಲದ ಸರ್ಕಲಿನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂಬುದನ್ನು ಅಲ್ಲಿ ನಿಂತು ನೋಡಿದರೇ ತಿಳಿಯುವುದು. ಪಾಸಾದ ಸಂಜೆಯೇ ಹೆಚ್ಚಿನವರು ಆ್ಯಪ್ ಅಳಿಸಿಬಿಡುತ್ತಾರೆ. ಆದರೆ ಡಿಎಲ್ ಪರೀಕ್ಷೆಯಲ್ಲಿ ಎಂಟು ಹಾಕುವುದು, ಗಾಡಿ ಹಿಂದಕ್ಕೆ ತೆಗೆಯುವುದು ಮುಂತಾದ ಚಾಲನೆಯ ಕೌಶಲವನ್ನೇ ಮುಖ್ಯವಾಗಿ ನೋಡುತ್ತಾರೆ. ಸ್ವಂತ ವಾಹನದ ಡಿಎಲ್ 18ರ ವಯಸ್ಸಿನಲ್ಲಿ ಸಿಕ್ಕರೆ 40 ತುಂಬುವವರೆಗೆ ನಡೆಯುತ್ತದೆ, ಸಕಾಲದಲ್ಲಿ ನವೀಕರಿಸಿಕೊಂಡರೆ ಆಗಲೂ ರಸ್ತೆ ನಿಯಮಗಳ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.