ಹಳೆಯ ಸೇನಾಪದಕಗಳ ಪರೀಕ್ಷೆ

ಎರಡು ಮಹಾಯುದ್ಧಗಳು ಮುಗಿದು ಬಹುಕಾಲ ಕಳೆದಿದ್ದರೂ ಆ ಕಾಲದ ಪದಕಗಳು, ಟೋಪಿಯ ಬಿಲ್ಲೆಗಳು, ದಿಕ್ಸೂಚಿಗಳು ಮನೆಯ ಹಳೆಯ ಪೆಟ್ಟಿಗೆಗಳಲ್ಲಿಯೂ ಗುಜರಿ ಅಂಗಡಿಗಳಲ್ಲಿಯೂ ಇಂದಿಗೂ ದೊರೆಯುತ್ತವೆ. ಇವನ್ನು ಸಂಗ್ರಹಿಸುವ ಹವ್ಯಾಸ ಬೆಳೆದಂತೆ ನಕಲಿಗಳ ವ್ಯಾಪಾರವೂ ಬೆಳೆದಿದೆ. ಹಾಗಾದರೆ ಅಸಲನ್ನು ಗುರುತಿಸುವುದು ಹೇಗೆ? ಮಾರುವವನ ಮಾತನ್ನು ನಂಬುವ ಬದಲು ವಸ್ತುವನ್ನೇ ಪ್ರಶ್ನಿಸುವುದು ವಿಜ್ಞಾನದ ಮಾರ್ಗ.

ಮೊದಲು ಕಣ್ಣಿನ ಪರೀಕ್ಷೆ. ಬ್ರಿಟಿಷ್ ಬಿಲ್ಲೆಗಳ ಮೇಲಿನ ಕಿರೀಟವನ್ನು ನೋಡೋಣ. 1901ರಿಂದ ಸುಮಾರು ಅರ್ಧ ಶತಮಾನ ಕಾಲ ಅದರ ಕಮಾನುಗಳು ಗುಮ್ಮಟದಂತೆ ದುಂಡಾಗಿದ್ದವು. ಎಲಿಜಬೆತ್ ರಾಣಿಯ ಕಾಲದಲ್ಲಿ ಅವು ನಡುವೆ ತಗ್ಗಿದವು. 2022ರಲ್ಲಿ ಮೂರನೆಯ ಚಾರ್ಲ್ಸ್ ದೊರೆಯು ಮತ್ತೆ ದುಂಡು ಕಮಾನನ್ನೇ ಆರಿಸಿಕೊಂಡನು. ಆದುದರಿಂದ ದುಂಡು ಕಿರೀಟವೊಂದೇ ಪ್ರಾಚೀನತೆಗೆ ಸಾಕ್ಷಿಯಾಗಲಾರದು. ಭಾರತದಲ್ಲಾದರೋ 1950ರಲ್ಲಿ ಗಣರಾಜ್ಯವು ಸ್ಥಾಪಿತವಾದಾಗ ಮೇಜರನ ಭುಜದ ಮೇಲಿನ ಕಿರೀಟದ ಸ್ಥಾನಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದವು.

ಎರಡನೆಯದು ತಕ್ಕಡಿಯ ಪರೀಕ್ಷೆ. 1914-18ರ ಯುದ್ಧಕ್ಕಾಗಿ ಕೊಟ್ಟ ಬ್ರಿಟಿಷ್ ಯುದ್ಧಪದಕವು ಬಹುಮಟ್ಟಿಗೆ ಬೆಳ್ಳಿಯದು. ಅಂಥದೊಂದು ಪದಕದ ಪಟ್ಟಿಯನ್ನು ತೆಗೆದು ತೂಗಿದಾಗ ಗಾಳಿಯಲ್ಲಿ 31 ಗ್ರಾಂ, ತೆಳುದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದಾಗ 28 ಗ್ರಾಂ ಬಂದಿತೆಂದು ಭಾವಿಸೋಣ. ಕಡಮೆಯಾದ 3 ಗ್ರಾಂ ಎಂದರೆ, ಆರ್ಕಿಮಿಡೀಸನ ತತ್ತ್ವದಂತೆ, ಪದಕವು ಹೊರತಳ್ಳಿದ ನೀರಿನ ತೂಕ. 31ನ್ನು 3ರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸುಮಾರು 10.3, ಇದು ಬೆಳ್ಳಿಗೆ ಒಪ್ಪುತ್ತದೆ. ತಾಮ್ರ-ನಿಕ್ಕಲ್ ಮಿಶ್ರಲೋಹದ್ದಾಗಿದ್ದರೆ ಸುಮಾರು 8.9 ಬರುತ್ತಿತ್ತು.

ಆದರೆ ನಕಲನ್ನೂ ಬೆಳ್ಳಿಯಲ್ಲಿಯೇ ಎರಕ ಹೊಯ್ದಿದ್ದರೆ? ಅಲ್ಲಿಯೂ ಭೌತವಿಜ್ಞಾನವು ನೆರವಾಗುತ್ತದೆ. ಅಸಲು ಪದಕವನ್ನು ಅಚ್ಚಿನಿಂದ ಒತ್ತಿರುತ್ತಾರೆ. ಅದರಿಂದಲೇ ಪಡಿಯಚ್ಚು ತೆಗೆದು ಲೋಹವನ್ನು ಹೊಯ್ದರೆ, ತಣಿಯುವಾಗ ಲೋಹ ಕುಗ್ಗುವುದರಿಂದ ನಕಲು ತುಸು ಚಿಕ್ಕದಾಗುತ್ತದೆ. ಅಸಲಿನ ವ್ಯಾಸ 36 ಮಿಲಿಮೀಟರು. ನಿಮ್ಮ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ಸ್ ಈ ವ್ಯತ್ಯಾಸವನ್ನು ಹಿಡಿಯಬಲ್ಲದು.

ಈ ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳ ಇವುಗಳನ್ನು ಒತ್ತಿರುತ್ತಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ಅಂಥ ಒಬ್ಬ ಸವಾರನ ನೆನಪಾಗಿ ಉಳಿದಿರುವುದು ಅಂಚಿನ ಆ ಸಣ್ಣ ಅಕ್ಷರಗಳಷ್ಟೇ ಇರಬಹುದು. ಹೊಳಪಿನ ಆಸೆಯಿಂದ ಹುಣಿಸೆಹಣ್ಣು ಹಚ್ಚಿ, ಬೂದಿಯಿಂದ ಉಜ್ಜಿದರೆ ಲೋಹದೊಡನೆ ಆ ಹೆಸರೂ ಸವೆದುಹೋಗುತ್ತದೆ. ಆದುದರಿಂದ ಪದಕವನ್ನು ಉಜ್ಜಲೇಬಾರದು.

ಕಡೆಯದಾಗಿ ಒಂದು ಎಚ್ಚರಿಕೆ. ಕತ್ತಲೆಯಲ್ಲಿ ಕಾಣಲೆಂದು ಯುದ್ಧಕಾಲದ ಅನೇಕ ದಿಕ್ಸೂಚಿ, ಗಡಿಯಾರ ಮತ್ತು ವಿಮಾನದ ಮಾಪಕಗಳಿಗೆ ರೇಡಿಯಂ ಬೆರೆಸಿದ ಸತುವಿನ ಸಲ್ಫೈಡ್ ಬಳಿಯುತ್ತಿದ್ದರು. ವಿಕಿರಣದ ಪೆಟ್ಟಿನಿಂದ ಸಲ್ಫೈಡ್ ಹಾಳಾಗಿ ಬೆಳಕು ಕೆಲವು ವರ್ಷಗಳಲ್ಲಿಯೇ ಮಂಕಾಗುತ್ತದೆ. ರೇಡಿಯಂ ಮಾತ್ರ ಹಾಗೆಯೇ ಇರುತ್ತದೆ. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. 80 ವರ್ಷಗಳಲ್ಲಿ ಕ್ಷಯಿಸುವುದು ಸೇಕಡ ನಾಲ್ಕಕ್ಕಿಂತ ಕಡಮೆ. ಬೆಳಕು ಆರಿತೆಂದು ಅಪಾಯವೂ ಆರಿತೆಂದು ತಿಳಿಯಬಾರದು. ಇಂಥ ಉಪಕರಣದ ಗಾಜನ್ನು ಬಿಚ್ಚುವುದಾಗಲಿ, ಬಣ್ಣವನ್ನು ಕೆರೆಯುವುದಾಗಲಿ ಸಲ್ಲದು. ಆ ಪುಡಿಯು ಉಸಿರಿನೊಡನೆ ದೇಹವನ್ನು ಸೇರಿದರೆ ರೇಡಿಯಂ ಎಲುಬಿನಲ್ಲಿ ನೆಲೆಸುತ್ತದೆ. ಮದ್ದುಗುಂಡುಗಳನ್ನಂತೂ ಮುಟ್ಟದೆ ಪೊಲೀಸರಿಗೆ ತಿಳಿಸಬೇಕು.

ಯಾವ ಒಂದು ಪರೀಕ್ಷೆಯೂ ತಾನೇ ಪೂರ್ಣವಲ್ಲ. ಕಣ್ಣು, ತಕ್ಕಡಿ, ಅಳತೆ ಮೂರೂ ಒಂದೇ ಉತ್ತರವನ್ನು ಕೊಟ್ಟಾಗ ನಾವು ವಸ್ತುವನ್ನು ನಂಬಲು ತೊಡಗಬಹುದು.