ಬಲಿಷ್ಠ ಅಲ್ಯೂಮಿನಿಯಂ ತಗಡನ್ನು ಬಾಗಿಸಲು ವಿದ್ಯುತ್ತಿನ ನೆರವು

ಗುಜರಾತಿನ ವಡೋದರದಲ್ಲಿ ಸಿ-295 ಸಾರಿಗೆ ವಿಮಾನಗಳ ನಿರ್ಮಾಣ ಸಂಕೀರ್ಣವು 2024ರ ಅಕ್ಟೋಬರ್ 28ರಂದು ಉದ್ಘಾಟನೆಗೊಂಡಿತು. ವಾಯುಪಡೆಗೆಂದು ಒಪ್ಪಂದವಾದ 56 ವಿಮಾನಗಳ ಪೈಕಿ 40 ವಿಮಾನಗಳನ್ನು ಭಾರತದಲ್ಲಿಯೇ ನಿರ್ಮಿಸುವುದು ಯೋಜನೆಯ ಗುರಿ. ವಿಮಾನ ನಿರ್ಮಾಣದಲ್ಲಿ ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಬಹುಕಾಲದಿಂದಲೂ ಪ್ರಮುಖ ಸ್ಥಾನವಿದೆ.

ಇವುಗಳಲ್ಲಿ ಸತು, ಮೆಗ್ನೀಸಿಯಂ ಮತ್ತು ತಾಮ್ರ ಬೆರೆತ 7075 ಪ್ರಸಿದ್ಧವಾದುದು. ಉಕ್ಕಿನ ಸುಮಾರು ಮೂರನೆಯ ಒಂದರಷ್ಟೇ ತೂಕವಿದ್ದರೂ ಇದು ಮೃದು ಉಕ್ಕಿಗಿಂತ ಬಲಶಾಲಿ. ಆದರೆ ಆ ಬಲವೇ ತೊಡಕು. ಲೋಹದೊಳಗೆ ಹರಡಿರುವ ಅತಿಸೂಕ್ಷ್ಮ ಕಣಗಳು ಸ್ಫಟಿಕದ ಪದರಗಳನ್ನು ಸುಲಭವಾಗಿ ಜಾರಗೊಡುವುದಿಲ್ಲ. ತಣ್ಣಗಿರುವಾಗ ಅಚ್ಚಿನಲ್ಲಿ ಹೆಚ್ಚು ಬಾಗಿಸಿದರೆ ತಗಡು ಬಿರಿಯುತ್ತದೆ. ಕುಲುಮೆಯಲ್ಲಿ ಬಹಳ ಹೊತ್ತು ಕಾಯಿಸಿದರೆ ಕಣಗಳು ದಪ್ಪಗಾಗಿ ಬಲವೇ ಕುಗ್ಗುತ್ತದೆ.

ಇದಕ್ಕೆ ಪರಿಹಾರವಾಗಿ ವಿಜ್ಞಾನಿಗಳು ತಗಡಿನ ಮೂಲಕವೇ ಪ್ರಬಲ ವಿದ್ಯುತ್ತನ್ನು ಕ್ಷಣಿಕ ಮಿಡಿತಗಳಾಗಿ ಹಾಯಿಸುತ್ತಾರೆ. ಆಗ ಶಾಖವು ಲೋಹದೊಳಗೇ ಹುಟ್ಟುತ್ತದೆ. ವಿದ್ಯುತ್ತು ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಲೋಹವು ಅಲ್ಪಕಾಲ ಮೆತ್ತಗಾಗಿ ಅಚ್ಚಿನ ಆಕಾರ ತಾಳುತ್ತದೆ. ಒತ್ತಡ ತೆಗೆದ ಮೇಲೆ ಹಿಂದಕ್ಕೆ ಸೆಟೆಯುವುದೂ ಕಡಿಮೆ. ಎಲೆಕ್ಟ್ರಾನುಗಳ ಪ್ರಭಾವದಿಂದ ಸತುವಿನ ಸ್ಫಟಿಕಗಳು ಸುಲಭವಾಗಿ ಬಾಗುವುದನ್ನು ಸೋವಿಯತ್ ವಿಜ್ಞಾನಿ ಟ್ರಾಯಿಟ್ಸ್ಕಿ ಮತ್ತು ಸಂಗಡಿಗರು 1963ರಲ್ಲಿ ವರದಿ ಮಾಡಿದ್ದರು. ಈ ಮೆದುತನವೆಲ್ಲ ಶಾಖದ್ದೇ ಅಥವಾ ಎಲೆಕ್ಟ್ರಾನುಗಳ ಪಾತ್ರವೂ ಇದೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಅಲ್ಯೂಮಿನಿಯಂ ಉತ್ತಮ ವಾಹಕವಾದುದರಿಂದ ಅದನ್ನು ಕಾಯಿಸಲು ಭಾರಿ ವಿದ್ಯುತ್ತು ಬೇಕು. ಅಚ್ಚಿಗೆ ವಿದ್ಯುನ್ನಿರೋಧಕ ಹೊದಿಕೆಯೂ ಅಗತ್ಯ. ಮಿಡಿತದ ಅವಧಿ ಮಿತಿಮೀರಿದರೆ ಇಲ್ಲಿಯೂ ಬಲ ನಷ್ಟವಾಗುತ್ತದೆ. ಬಾಗಿದ ಮೇಲೂ ಬಲ ಉಳಿದಿರುವ ತಗಡು ಮಾತ್ರ ವಿಮಾನಕ್ಕೆ ಯೋಗ್ಯವಾದುದರಿಂದ, ಆ ಮಿತಿಯನ್ನು ಅರಿಯುವುದೇ ಈ ವಿಧಾನದ ಜೀವಾಳ.